ಭದ್ರಮ್ಮನ ನೆರಳಿನಲ್ಲಿ ಕಂಡ ಹಸಿರು

ಆ ವರ್ಷದ ಮಳೆಗಾಲವಿಡೀ ಪಾಳ್ಯದ ಶಾಂತಮಲ್ಲಪ್ಪನವರ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಇತ್ತು. ತಿಳಿಯಿಂದ ಕಡುವಿನವರೆಗೆ ಆರು ಹಸಿರು, ಒಂದೊಂದಕ್ಕೂ ಒಂದು ಅಂಕಿ. ಭತ್ತದ ಎಲೆಯನ್ನು ಅದರ ಮೇಲಿಟ್ಟು ಹೋಲಿಸಬೇಕು. ಮೂರಕ್ಕಿಂತ ತಿಳಿಯಾಗಿದ್ದರೆ ಮಾತ್ರ ಯೂರಿಯಾ ಎರಚಬೇಕು. ಕೃಷಿ ತರಬೇತಿಗೆ ಹೋಗಿ ಅದನ್ನು ತಂದಂದಿನಿಂದ ಅವರು ಗದ್ದೆಗೆ ಹೋಗುವುದನ್ನು ಬಿಟ್ಟು ‘ಪರೀಕ್ಷೆ’ಗೆ ಹೋಗತೊಡಗಿದ್ದರು.

ಗತ್ತಿನ ಹಿಂದೆ ಭಯವಿತ್ತು. ಆ ಊರಿನಲ್ಲಿ ಗೊಬ್ಬರದ ಅಳತೆಯೆಂದರೆ ಪಕ್ಕದವನ ಗದ್ದೆ. ಹಿಂದಿನ ವರ್ಷ ಪಕ್ಕದ ಗದ್ದೆಯ ರುದ್ರಯ್ಯ ಒಂದು ಚೀಲ ಯೂರಿಯಾ ಹಾಕಿದನೆಂದು ಇವರು ಎರಡು ಹಾಕಿದ್ದರು. ಪೈರು ಕಪ್ಪಗೆ ಸೊಕ್ಕಿ ಬೆಳೆಯಿತು, ದಾರಿಹೋಕರೆಲ್ಲ ಹೊಗಳಿದರು, ತೆನೆ ತುಂಬಿದ ಮೇಲೆ ಒಂದೇ ಗಾಳಿಮಳೆಗೆ ಅಷ್ಟೂ ಮಲಗಿಬಿಟ್ಟಿತು. ಮನೆಯವರೆಲ್ಲ ಅಂಗಡಿ ಅಕ್ಕಿ ಉಣ್ಣಬೇಕಾಯಿತು. ಈ ಸಲವೂ ಹಾಗಾದರೆ ಅವರು ಊರಿನಲ್ಲಿ ತಲೆಯೆತ್ತುವಂತಿರಲಿಲ್ಲ.

ಗಣೇಶನ ಹಬ್ಬ ಕಳೆದು ಬಿಸಿಲು ಬಿದ್ದ ಒಂದು ಮಧ್ಯಾಹ್ನ ರುದ್ರಯ್ಯ ಬದುವಿನ ಮೇಲಿಂದ ಕೂಗಿದ: “ಮಲ್ಲಪ್ಪಣ್ಣಾ, ನಿಮ್ ಪೈರು ಬಿಳಿಚ್ಕಂಡೈತಲ್ಲ! ಪ್ಲಾಸ್ಟಿಕ್ ತೋರ್ಸುದ್ರೆ ಅದುಕ್ಕೆ ಹೊಟ್ಟೆ ತುಂಬ್ತದಾ ಮಾರಾಯ?”

ಶಾಂತಮಲ್ಲಪ್ಪನವರು ಬಿಸಿಲಿಗೆ ಪಟ್ಟಿ ಹಿಡಿದು ಎಲೆ ಇಟ್ಟರು. “ಏ ಭದ್ರೀ, ಎರಡು ಬಂತು ಕಣೆ! ಚೀಲ ಬಿಚ್ಚು!”

ಕಳೆ ಕೀಳುತ್ತಿದ್ದ ಹೆಂಡತಿ ಭದ್ರಮ್ಮ ಎದ್ದು ಬಂದು ಬಿಸಿಲಿಗೆ ಬೆನ್ನು ಮಾಡಿ ನಿಂತರು. ಅವರ ನೆರಳು ಪಟ್ಟಿಯ ಮೇಲೆ ಬಿತ್ತು. “ಈಗ ನೋಡ್ರಿ.”

ಎಲೆ ಮೂರನ್ನು ದಾಟಿತ್ತು.

“ಬಿಸ್ಲಲ್ಲಿ ಎಲ್ಲಾ ಎಲೆನೂ ಬೆಳ್ಳಗೇ ಕಾಣ್ತವೆ” ಎಂದರು ಭದ್ರಮ್ಮ.

ತರಬೇತಿಯಲ್ಲೂ ಇದನ್ನೇ ಹೇಳಿದ್ದರು. ಆಗ ಶಾಂತಮಲ್ಲಪ್ಪನವರು ಗುಂಪಿನ ಫೋಟೋದಲ್ಲಿ ಮುಂದೆ ನಿಲ್ಲಲು ಜಾಗ ಹುಡುಕುತ್ತಿದ್ದರು.

ಅವರಿಗೆ ಹಟ ಬಂತು. ತಮ್ಮದೇ ನೆರಳಿನಲ್ಲಿ ಪಟ್ಟಿ ಹಿಡಿದು ಗದ್ದೆಯ ತಾಕಿನಿಂದ ತಾಕಿಗೆ ನಡೆದರು. ಭದ್ರಮ್ಮ ನಿಂತಲ್ಲಿಂದಲೇ ಹೇಳುವರು: “ಅದುಕ್ಕೆ ಬ್ಯಾಡ. ಇದುಕ್ಕೂ ಬ್ಯಾಡ. ಆ ಮೂಲೆ ತಾಕಿಗೆ ಬೇಕು, ಅಲ್ಲಿ ನೀರು ಬಸ್ದು ಸತ್ವ ಹೋಗ್ಬುಡ್ತೈತೆ.” ಇವರು ಎಲೆ ಇಟ್ಟು ನೋಡಿದರೆ ಪಟ್ಟಿಯೂ ಅದನ್ನೇ ಹೇಳುವುದು. ಹತ್ತನೇ ಎಲೆಗೆ ಅವರು ಪಟ್ಟಿಯನ್ನು ಜೇಬಿಗಿಟ್ಟು ಹೆಂಡತಿಯ ಕಡೆ ತಿರುಗಿದರು. ಹತ್ತನೇ ವಯಸ್ಸಿನಿಂದ ಬಗ್ಗಿ ಪೈರು ನೆಟ್ಟವಳ ಕಣ್ಣು ಅದು. ಯಾರೋ ಪಂಡಿತರು ವರ್ಷಗಟ್ಟಲೆ ಕೂತು ಕಂಡುಹಿಡಿದ ಆರು ಹಸಿರು ಅದರೊಳಗೆ ಮೊದಲೇ ಇದ್ದವು.

“ಹೋದ್ಸಲ ಯಾಕೆ ಹೇಳ್ಲಿಲ್ಲ ಕಣೆ?”

“ಹೇಳ್ದೆ. ನೀವು ರುದ್ರಯ್ಯನ ಗದ್ದೆ ನೋಡ್ತಿದ್ರಿ.”

ಆ ಸಲ ಗೊಬ್ಬರ ಬಿದ್ದದ್ದು ಮೂಲೆ ತಾಕಿಗೆ ಮಾತ್ರ. ತೆನೆ ತುಂಬಿದಾಗ ಎರಡು ದಿನ ಗಾಳಿಮಳೆ ಹೊಡೆಯಿತು. ಮೂರನೆಯ ಬೆಳಿಗ್ಗೆ, ಈ ಸಲ ಎರಡು ಚೀಲ ಎರಚಿದ್ದ ರುದ್ರಯ್ಯನ ಗದ್ದೆ ಚಾಪೆ ಹಾಸಿದಂತಿತ್ತು. ಇವರ ಪೈರು ತಲೆದೂಗುತ್ತ ನಿಂತಿತ್ತು. ಶಾಂತಮಲ್ಲಪ್ಪನವರು ಚಪ್ಪಲಿ ಬಿಟ್ಟು ಗದ್ದೆಗಿಳಿದು ಒಂದು ತೆನೆಯನ್ನು ಅಂಗೈಯಲ್ಲಿ ಹಿಡಿದು ನೋಡಿದರು.

ರುದ್ರಯ್ಯ ಮೆಲ್ಲಗೆ ಬಂದ. “ಅಣ್ಣಾ, ಬರೋ ವರ್ಷ ಆ ಪಟ್ಟಿ ಕೊಡ್ತೀರಾ?”

“ತಗಂಡೋಗು. ಆದ್ರೆ ಯೂರಿಯಾ ಎರ್ಚೋಕೆ ಮುಂಚೆ ನಮ್ಮನೆಯೋರ್ನ ಒಂದ್ಮಾತು ಕೇಳು ಕಣೋ” ಎಂದರು ಶಾಂತಮಲ್ಲಪ್ಪನವರು.