ಅಲ್ಲಾಬಕ್ಷನ ಮೂರು ಪಿ

ಭೀಮರಾಯನಗುಡಿ ಕ್ಯಾಂಪಿನಲ್ಲಿ ಅಲ್ಲಾಬಕ್ಷ ಕಾಲುವೆಯ ಗೇಟು ತಿರುಗಿಸುವ ಕೆಲಸಕ್ಕಿದ್ದ. ಮದುವೆಗಳು ಬಂದರೆ ಅವನೇ ನಮ್ಮ ಬ್ಯಾಂಡ್ ಮಾಸ್ತರ. ಅವನು ಕ್ಲಾರಿನೆಟ್ ಊದುತ್ತಿದ್ದ, ನಾನು, ಅಂದರೆ ರಂಗಣ್ಣ, ದೊಡ್ಡ ಡ್ರಮ್ಮು ಬಾರಿಸುತ್ತಿದ್ದೆ. ಹಾಡಿನ ಸ್ವರ, ಇಂಗ್ಲಿಷ್ ಗುರುತುಗಳನ್ನು ಬರೆದ ಕಾಗದ ನೋಡಿಯೇ ಬಾರಿಸಬೇಕೆಂಬುದು ಅವನ ಹಟ. ಪೊಲೀಸ್ ಬ್ಯಾಂಡಿನಲ್ಲಿದ್ದ ಮಾವನಿಂದ ಕಲಿತ ವಿದ್ಯೆಯಂತೆ.

"ಒಂದು ಪಿ ಇದ್ರ ಮೆಲ್ಲಗ. ಎರಡಿದ್ರ ಇನ್ನೂ ಮೆಲ್ಲಗ. ಮೂರು ಪಿ ಬಂದ್ರ ಬರೀ ಉಸುರು. ಎಫ್ ಬಂದ್ರ ಜೋರ. ತಿಳೀತಿಲ್ಲೋ?"

"ಡ್ರಮ್ಮಿಗೆ ಉಸುರು ಎಲ್ಲಿಂದ ತರ್ಲಿ ಮಾಸ್ತರ?" ಎಂದು ನಾನು ಕೆಣಕುತ್ತಿದ್ದೆ.

ಸಾವಾಗಿ ನಲವತ್ತು ದಿನ ಕಳೆಯದ ಮನೆಯ ಮುಂದೆ ನಾವು ಜೋರಾಗಿ ಬಾರಿಸುತ್ತಿರಲಿಲ್ಲ. ಅದಕ್ಕೇ ಅಲ್ಲಾಬಕ್ಷ ಮದುವೆಯ ಹಿಂದಿನ ದಿನ ಮೆರವಣಿಗೆಯ ದಾರಿ ತಿರುಗಿ ವಿಚಾರಿಸಿ, ಹಾಡಿನಲ್ಲಿ ಆ ಮನೆ ಬರುವ ಜಾಗಕ್ಕೆ ಮೂರು ಪಿ ಹಾಕಿ, ಮೇಲೆ ಮನೆಯವರ ಹೆಸರು ಬರೆಯುತ್ತಿದ್ದ.

ಎಂಬತ್ತೇಳರ ಬೇಸಿಗೆಯ ಒಂದು ಮದುವೆಯಲ್ಲಿ ತಿಮ್ಮವ್ವನ ಹೆಸರಿನ ಕೆಳಗೆ ಮೂರು ಪಿ ಇತ್ತು. ಅವಳ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಕಾಗದದಲ್ಲಿದ್ದಂತೆ ಬೆರಳಲ್ಲಿ ಮುಟ್ಟುತ್ತ ಸಾಗಿದೆವು. "ಯಾಕೋ ರಂಗಣ್ಣ, ಕೂಳು ಉಂಡಿಲ್ಲೇನು?" ಎಂದು ತಿಮ್ಮವ್ವ ಬಾಗಿಲಲ್ಲಿ ನಿಂತು ನಕ್ಕಳು. ಬೆಳಗಾಗುವಷ್ಟರಲ್ಲಿ ಅವಳೇ ತೀರಿಕೊಂಡಿದ್ದಳು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಯಾಯಿತು ಎಂದುಕೊಂಡೆ. ಹದಿನೈದು ದಿನಕ್ಕೆ ಗುಮಾಸ್ತ ಅಂಬ್ರಪ್ಪನ ಹೆಸರು ಬಂತು. ಅವನೂ ಮರುದಿನ ಹೋದ.

"ಏನಿದು ಮಾಸ್ತರ?" ಎಂದು ಕೇಳಿದೆ.

"ಅಕ್ಷರ ನಂದ ಅದಾವ. ಬರದದ್ದು ನೆನಪಿಲ್ಲೋ," ಎಂದ.

ಮುಂದಿನ ಮದುವೆಯ ಮಧ್ಯಾಹ್ನ ಅವನು ಕಾಗದ ಹಿಡಿದು ಓಡಿ ಬಂದ. ಹಾಡಿನಲ್ಲಿ ಅವನ ಸ್ವಂತ ಕ್ವಾರ್ಟರ್ಸ್ ಬರುವ ಜಾಗಕ್ಕೇ ಮೂರು ಪಿ ಬಿದ್ದಿದ್ದವು. ಒಳಗೆ ಅವನ ಹೆಂಡತಿ ಖಾಸಿಂಬೀ ಎಂಟು ದಿನದಿಂದ ಜ್ವರದಲ್ಲಿ ಮಲಗಿದ್ದಳು. ಅವನು ಕಾಗದ ಹರಿಯುವ ತನಕ ರಬ್ಬರಿನಿಂದ ಉಜ್ಜಿದ. ಪಕ್ಕದಲ್ಲಿ ಮೂರು ಎಫ್ ಗೀಚಿದ.

"ಇವತ್ತ ನನ್ನ ಮನಿ ಮುಂದ ಯಾವನರೆ ಮೆಲ್ಲಗ ಬಾರಿಸಿದ್ರ ಕೈ ಮುರೀತೇನಿ!"

ಬಾರಿಸಿದೆವು. ಜೀವ ತೇಯ್ದು ಬಾರಿಸಿದೆವು. ಕಿಟಕಿಯ ಗಾಜು ನಡುಗಿತು. ಬಾಗಿಲು ತೆರೆಯಿತು. ಖಾಸಿಂಬೀ ಗೋಡೆ ಹಿಡಿದು ಹೊರಗೆ ಬಂದಳು. "ಸಾಕ್ರೋ, ತಲಿ ಒಡೀತದ!" ಎಂದು ಕಿರುಚಿದಳು. ಬೈಗುಳ ಕೇಳಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಅಲ್ಲಾಬಕ್ಷ ಮಾತ್ರ ಕ್ಲಾರಿನೆಟ್ ಬಾಯಿಂದ ತೆಗೆದು ನಮ್ಮ ಕಡೆ ಸಿಟ್ಟಿನಿಂದ ತಿರುಗಿದ. "ಯಾಕ್ರೋ ನಿಲ್ಲಿಸಿದ್ರಿ? ಬಾರಿಸ್ರೋ!"

ನನ್ನ ಕೋಲು ಡ್ರಮ್ಮಿನ ಮೇಲೆ ಬೀಳುತ್ತಲೇ ಇತ್ತು.

ಅವನು ಅದನ್ನು ನೋಡಿದ. ಆಮೇಲೆ ಹೆಂಡತಿಯ ತುಟಿ ನೋಡಿದ. "ಖಾಸಿಂ, ಸ್ವಲ್ಪ ಜೋರ ಮಾತಾಡ," ಎಂದ.

ಅವಳು ಇನ್ನೂ ಇಪ್ಪತ್ತೆರಡು ವರ್ಷ ಬದುಕಿದಳು. ಅವಳ ದನಿ ಅವನಿಗೆ ಮತ್ತೆ ಒಮ್ಮೆಯೂ ಕೇಳಲಿಲ್ಲ.