ಹೆರಿಗೆಗೆ ಬೇಕಾದಷ್ಟು ಮಲೆಯಾಳ

ಕೋಡಿಂಬಾಳಕ್ಕೆ ತಿರುವಾಂಕೂರಿನ ಕಡೆಯವರು ರಬ್ಬರು ನೆಡಲು ಬಂದ ಹೊಸತು. ಅವರ ಪೈಕಿ ಏಲಿಯಮ್ಮ ಚೊಚ್ಚಲ ಬಸುರಿ. ಅವಳಿಗೆ ಮಲೆಯಾಳ ಬಿಟ್ಟು ಬೇರೆ ಬಾರದು, ನಮ್ಮ ಸೂಲಗಿತ್ತಿ ಸೇವಂತಿಯಕ್ಕನಿಗೆ ಮಲೆಯಾಳವೊಂದು ಬಾರದು. ದಿನ ತುಂಬಲು ಎರಡೇ ವಾರ ಉಂಟು.

ಅಕ್ಕ ದಿನಾ ಬೆನ್ನಿಗೆ ಎಣ್ಣೆ ತಿಕ್ಕಲು ಹೋಗಿ, ಕೈಸನ್ನೆಯಲ್ಲೇ ಕೇಳಿ ಒಂದೊಂದು ಮಾತು ಕಲಿತಳು. ನೋವು, ನೀರು, ಮುಕ್ಕಿ ದೂಡು, ತಡೆ, ಅಷ್ಟೇ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡುವಳು.

"ಎಂತ ಸೇವಂತಿ, ಮಲೆಯಾಳದ ಟೀಚರಾಗುದಾ?" ಎಂದು ನೆರೆಮನೆಯ ದೇರಣ್ಣ ನೆಗಾಡಿದ.

"ಹುಟ್ಟುವುದಕ್ಕೆ ಭಾಷೆ ಬೇಡ ಮಾರಾಯ, ಹೆರುವವಳಿಗೆ ಬೇಕಲ್ಲ!"

ಹೆರಿಗೆಯ ದಿನ ನೀರು ಕಾಯಿಸಲು ನಾನೂ ಹೋಗಿದ್ದೆ. ಕಲಿತದ್ದೆಲ್ಲ ಉಪಯೋಗಕ್ಕೆ ಬಂತು, ಮಗು ಹುಟ್ಟಿತು. ಏಲಿಯಮ್ಮ ಏನೋ ಕೇಳಿದಳು. ಎಂತ ಮಗು ಎಂದೇ ಇರಬೇಕು. ಮಗುವಿನ ಹಿಂದೆ ಬರುವ ಮಾಸು ಬೀಳುವ ಮೊದಲು ಗಂಡೋ ಹೆಣ್ಣೋ ಹೇಳಬಾರದೆಂಬುದು ನಮ್ಮ ಕ್ರಮ, ತಾಯಿ ಮನಸ್ಸು ಕೆಡಿಸಿಕೊಂಡರೆ ರಕ್ತ ನಿಲ್ಲದಂತೆ. ಅಕ್ಕ ಸುಮ್ಮನಿದ್ದಳು. ಮಗುವಿನ ಕೈಕಾಲು ಸರಿ ಇಲ್ಲವೋ ಎಂದು ಹೆದರಿದ ಹುಡುಗಿ ಅಳುತ್ತಾ ಎದ್ದು ಕೂರಲು ಹೊರಟಳು. ರಕ್ತ ಹರಿಯತೊಡಗಿತು.

ಅಕ್ಕ ಕ್ರಮ ಬಿಟ್ಟಳು. ಸುತ್ತಿದ್ದ ಬಟ್ಟೆ ಬಿಚ್ಚಿ, ಹೆಣ್ಣು ಮಗುವಿನ ಕೈಕಾಲಿನ ಬೆರಳನ್ನೆಲ್ಲ ಒಂದೊಂದಾಗಿ ತೋರಿಸಿ ತಾಯಿಯ ಎದೆಯ ಮೇಲೆ ಮಲಗಿಸಿದಳು. ಏಲಿಯಮ್ಮ ನಕ್ಕು ತಲೆ ಕೆಳಗಿಟ್ಟಳು. ಸ್ವಲ್ಪದರಲ್ಲೇ ಮಾಸು ಬಿತ್ತು, ರಕ್ತವೂ ನಿಂತಿತು.

"ಅಬ್ಬ, ಬದುಕಿಕೊಂಡೆವು!" ಎಂದು ಅಕ್ಕ ಗೋಡೆಗೆ ಒರಗಿದಳು.