ಕರುಪ್ಪಸಾಮಿಯ ಪೆಟ್ಟಿಗೆ

ಕಣ್ಣು ಮಂಜಾಗುತ್ತ ಬಂದಾಗ ಉತ್ತಮಪಾಳಯಂನ ಬಡಗಿ ಕರುಪ್ಪಸಾಮಿ ಬೇವಿನ ಹಲಗೆಯಲ್ಲಿ ಹತಾರಗಳ ಪೆಟ್ಟಿಗೆ ಮಾಡಿಕೊಂಡ. ಉಳಿ, ಗರಗಸ, ಸುತ್ತಿಗೆಗೆ ಒಂದೊಂದು ಗೂಡು. ಉಳಿಗಳ ಅಲಗು ಕೆಳಗೆ, ಹಿಡಿ ಮೇಲೆ. ಕೈ ಇಳಿಸಿದರೆ ಬೇಕಾದ್ದು ಸಿಗುತ್ತಿತ್ತು, ಕೆಲಸ ನಿಲ್ಲಲಿಲ್ಲ.

ಇಬ್ಬರೂ ಸೇರಿ ನಡೆಸುತ್ತಿದ್ದ ಮರಗೆಲಸದ ಪಟ್ಟರೆ, ಆ ಕೆಲಸದ ಕೊಟ್ಟಿಗೆ, ತನ್ನೊಬ್ಬನದಾಗಬೇಕೆಂಬ ಆಸೆ ತಮ್ಮ ಜೆಯಕುಮಾರನಿಗೆ. ಒಂದು ಬೆಳಿಗ್ಗೆ ಅವನು ಅಗಲ ಉಳಿಯನ್ನು ಅಲಗು ಮೇಲಾಗಿ ಇಟ್ಟ. ಎಂದಿನಂತೆ ಕೈ ಇಳಿಸಿದ ಅಣ್ಣನ ಅಂಗೈ ಸೀಳಿಹೋಯಿತು.

ಗಿರಾಕಿಗಳೆದುರೇ ಜೆಯಕುಮಾರ್ ಅಣ್ಣನ ಗಾಯಕ್ಕೆ ಬಟ್ಟೆ ಸುತ್ತಿದ. “ಕಣ್ಣು ಕಾಣಲ್ಲ, ಮನೇಲಿ ಇರು ಅಂತ ಎಷ್ಟು ಸಲ ಹೇಳ್ದೆ ಅಣ್ಣಾ?”

“ಉಳಿ ತಿರುಗಿಸಿ ಇಟ್ಟೋನು ನೀನೇ ತಾನೆ?”

“ಪಾವಂ, ಪಾಪ ಅಣ್ಣನಿಗೆ ವಯಸ್ಸಾಯ್ತು,” ಎಂದು ಜೆಯಕುಮಾರ್ ನಕ್ಕ. ಗಿರಾಕಿಗಳೂ ಹೌದೆಂದು ತಲೆಯಾಡಿಸಿದರು.

ಗಾಯ ಮಾಯಿತು, ಆದರೆ ಬೆರಳು ಮಡಿಚಲಾಗಲಿಲ್ಲ; ಪಟ್ಟರೆ ತಮ್ಮನ ಪಾಲಾಯಿತು. ಪೆಟ್ಟಿಗೆಯನ್ನಾದರೂ ಕೊಡು ಎಂದು ಕರುಪ್ಪಸಾಮಿ ಕೇಳಿಕೊಂಡ.

“ಅದನ್ನ ಇಟ್ಕೊಂಡು ನೀ ಏನ್ ಮಾಡ್ತೀಯ?” ಎಂದ ತಮ್ಮ, ಪೆಟ್ಟಿಗೆಯನ್ನು ತಾನೇ ಇಟ್ಟುಕೊಂಡು, ಅವನ ರಟ್ಟೆ ಹಿಡಿದು ಊರಾಚೆ ಹೋಗುವ ಬಸ್ಸು ಹತ್ತಿಸಿದ.